ನಿರೂಪ ಮತ್ತು ಅಧಿಕಾರ: ಏಳುಸಾವಿರಸೀಮೆಯ ಆಡಳಿತ ಪತ್ರವ್ಯವಹಾರ (1790–1837)

ಕೊಡಗು ಜಿಲ್ಲೆಯ ಉತ್ತರದ ಅಂಚಿನಲ್ಲಿ, ಹಾಸನ ಜಿಲ್ಲೆಯ ಗಡಿಗೆ ಸಮೀಪವಾಗಿರುವ ಶನಿವಾರಸಂತೆಯು ಹೆಸರೇ ಸೂಚಿಸುವಂತೆ ವಾರದ ಸಂತೆಯ ಸುತ್ತ ಬೆಳೆದ ಊರು. ಇದರ ಉತ್ತರಕ್ಕೆ ಕೊಡ್ಲಿಪೇಟೆ, ದಕ್ಷಿಣಕ್ಕೆ ಸೋಮವಾರಪೇಟೆ. ಹಾಲೇರಿ ಅರಸರ ಕಾಲದಲ್ಲಿ ಈ ಪ್ರದೇಶವು ಏಳುಸಾವಿರಸೀಮೆ ಎನಿಸಿಕೊಂಡಿತ್ತು. ಮಡಿಕೇರಿಯಿಂದ ದಕ್ಷಿಣಕ್ಕಿರುವ ಕೊಡವ ನಾಡುಗಳಿಗೂ ಈ ಸೀಮೆಗೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಅಲ್ಲಿ ಜನರಾಡುವ ಮಾತು ಕೊಡವ ತಕ್ಕ್, ಅರಮನೆಯ ಬರಹ ಕನ್ನಡ. ಒಕ್ಕಲಿಗರೂ ವೀರಶೈವರೂ ಪ್ರಧಾನ ಕೃಷಿಕರಾಗಿದ್ದ ಏಳುಸಾವಿರಸೀಮೆಯಲ್ಲಾದರೋ ಮನೆಯ ಮಾತೂ ಅರಮನೆಯ ಬರಹವೂ ಒಂದೇ. ಮಡಿಕೇರಿಯಿಂದ ಬಂದ ಅಪ್ಪಣೆಯನ್ನು ಚಾವಡಿಯಲ್ಲಿ ಶಾನಭೋಗನು ಓದಿ ಹೇಳಿದಾಗ ಕೇಳುತ್ತಿದ್ದ ರೈತನಿಗೆ ಅದು ನೇರವಾಗಿ ಅರ್ಥವಾಗುತ್ತಿತ್ತು. ಮೇಲುನೋಟಕ್ಕೆ ಸಣ್ಣದೆನಿಸುವ ಈ ಸಂಗತಿಯನ್ನು 1837ರ ಬಂಡಾಯದ ಚರಿತ್ರೆಯನ್ನು ಬರೆದವರು ಸಾಕಷ್ಟು ಗಮನಿಸಿದಂತಿಲ್ಲ.

ಹಾಲೇರಿ ಅರಸರ ಆಡಳಿತವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಯುದ್ಧ, ವಂಶಕಲಹ ಮತ್ತು ಅರಸರ ಗುಣಾವಗುಣಗಳ ಸುತ್ತಲೇ ಸುತ್ತುತ್ತವೆ. ಅರಸನು ಆಳುತ್ತಿದ್ದುದು ಖಡ್ಗದಿಂದ ಮಾತ್ರವಲ್ಲ, ಕಾಗದದಿಂದಲೂ ಹೌದು. ನಿರೂಪ, ಹುಕುಂ, ಸನ್ನದು, ಕೌಲು, ತಾಕೀದು, ಬಿನ್ನವತ್ತಳೆ, ಅರ್ಜಿ ಎಂಬ ಈ ಪದಗಳೆಲ್ಲ ಒಂದೊಂದು ಬಗೆಯ ಪತ್ರವನ್ನು ಸೂಚಿಸುತ್ತಿದ್ದವು. ಇವುಗಳಲ್ಲಿ ನಿರೂಪವು ಮೇಲಿನಿಂದ ಕೆಳಕ್ಕೆ ಇಳಿಯುವ ಅಪ್ಪಣೆ. ಬಿನ್ನವತ್ತಳೆಯು ಕೆಳಗಿನಿಂದ ಮೇಲಕ್ಕೆ ಏರುವ ವಿಜ್ಞಾಪನೆ. ಅರಸ, ದಿವಾನ, ಕಾರ್ಯಕಾರ, ಸುಬೇದಾರ, ಪಾರುಪತ್ಯಗಾರ, ಶಾನಭೋಗ, ಪಟೇಲ ಎಂಬ ಮೆಟ್ಟಿಲುಗಳಲ್ಲಿ ಪತ್ರವು ಇಳಿಯುತ್ತ ಏರುತ್ತ ಇತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಈ ಮೆಟ್ಟಿಲುಗಳು ಬಹುಪಾಲು ಹಾಗೆಯೇ ಉಳಿದವು. ತುದಿಯಲ್ಲಿ ಯಾರ ಹೆಸರು ಇರಬೇಕೆಂಬುದು ಮಾತ್ರ ಬದಲಾಯಿತು. ಆ ಬದಲಾವಣೆಯ ಪರಿಣಾಮವು ಶನಿವಾರಸಂತೆಯ ಸೀಮೆಯಲ್ಲಿ ಹೇಗೆ ಕಾಣಿಸಿಕೊಂಡಿತೆಂಬುದೇ ಪ್ರಸ್ತುತ ಪ್ರಬಂಧದ ವಿಷಯ.

ದೊಡ್ಡ ವೀರರಾಜೇಂದ್ರನು 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು ಟಿಪ್ಪುವಿನ ವಿರುದ್ಧ ಸೇನೆ ಕಟ್ಟಿದನು. 1790ರಲ್ಲಿ ತಲಚೇರಿಯ ಕಂಪನಿ ಅಧಿಕಾರಿ ರಾಬರ್ಟ್ ಟೇಲರನೊಡನೆ ಒಪ್ಪಂದ ಮಾಡಿಕೊಂಡನು. ಅಲ್ಲಿಂದ ಮುಂದೆ ಕೊಡಗಿನ ಅರಸರ ಅಸ್ತಿತ್ವಕ್ಕೂ ಕಂಪನಿಯೊಡನೆ ನಡೆದ ಪತ್ರವ್ಯವಹಾರಕ್ಕೂ ಬಿಡಿಸಲಾಗದ ನಂಟು ಬೆಳೆಯಿತು. ವರ್ಷಕ್ಕೆ 24,000 ರೂಪಾಯಿ ಪೊಗದಿಯು ನಿಗದಿಯಾದುದು, 1799ರ ಅನಂತರ ಅದಕ್ಕೆ ಬದಲಾಗಿ ವರ್ಷಕ್ಕೊಂದು ಆನೆಯನ್ನು ಒಪ್ಪಿಸಿದರೆ ಸಾಕೆಂದಾದುದು, ಇವೆಲ್ಲ ಕಾಗದದ ಮೇಲೆಯೇ ನಡೆದ ವ್ಯವಹಾರಗಳು. ತನ್ನ ಆಳ್ವಿಕೆಯ ವೃತ್ತಾಂತವನ್ನು ಕನ್ನಡದಲ್ಲಿ 'ರಾಜೇಂದ್ರನಾಮೆ'ಯಾಗಿ ಬರೆಯಿಸಿದ ಈ ಅರಸನು ಲಿಖಿತ ಮಾತಿನ ಬೆಲೆಯನ್ನು ಚೆನ್ನಾಗಿ ಬಲ್ಲವನಾಗಿದ್ದನು. ಆ ಗ್ರಂಥವನ್ನು ರಾಬರ್ಟ್ ಅಬರ್‌ಕ್ರಾಂಬಿ ಎಂಬ ಕಿರಿಯ ಸೇನಾಧಿಕಾರಿಯು 1808ರಲ್ಲಿ ಇಂಗ್ಲಿಷಿಗೆ ಅನುವಾದಿಸಿದುದೂ ಒಂದು ರೀತಿಯಲ್ಲಿ ರಾಜತಾಂತ್ರಿಕ ಕಾರ್ಯವೇ; ಗಂಡುಮಕ್ಕಳಿಲ್ಲದ ಅರಸನಿಗೆ ಆಗ ಮಗಳು ದೇವಮ್ಮಾಜಿಯ ಉತ್ತರಾಧಿಕಾರಕ್ಕೆ ಕಂಪನಿಯ ಒಪ್ಪಿಗೆ ಬೇಕಾಗಿತ್ತು.

ಈ ಕಾಲದ ಪತ್ರಗಳನ್ನು ನೋಡುವಾಗ ಆರ್ಥರ್ ವೆಲ್ಲೆಸ್ಲಿಯನ್ನು ಬಿಡುವಂತಿಲ್ಲ. ಡಬ್ಲಿನ್ನಿನಲ್ಲಿ ಹುಟ್ಟಿದ ಈ ಐರಿಷ್ ಸೇನಾಧಿಕಾರಿಯು 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಅಲ್ಲಿನ ಅಧಿಕಾರ ವಹಿಸಿಕೊಂಡು ಮೈಸೂರು ಪ್ರದೇಶದ ಸೈನ್ಯ ವ್ಯವಹಾರಗಳನ್ನು ನೋಡಿಕೊಂಡನು. ಅವನ ಪ್ರಕಟಿತ ಪತ್ರಗಳಲ್ಲಿ ಕೊಡಗಿನ ಅರಸನಿಗೆ ಬರೆದವೂ ಇವೆ. 1802ರ ಜನವರಿಯಲ್ಲಿ ಅವನು ಬಲಂ ಪಾಳೆಯಗಾರ ಕೃಷ್ಣಪ್ಪ ನಾಯಕನ ಅರಕೆರೆಯ ನೆಲೆಯನ್ನು ಹಿಡಿದನು. ಬಲಂ ಎಂದರೆ ಮುಂದೆ ಮಂಜರಾಬಾದು ಎನಿಸಿದ, ಏಳುಸಾವಿರಸೀಮೆಗೆ ಉತ್ತರದಲ್ಲಿ ತಾಗಿಕೊಂಡ ಮಲೆನಾಡು. ಶನಿವಾರಸಂತೆಯ ನೆರೆಯಲ್ಲೇ ಒಬ್ಬ ನಾಯಕನ ಅಧಿಕಾರ ಕೊನೆಗೊಂಡು ಗಡಿಯಾಚೆಗೆ ಕಂಪನಿಯ ನೆರಳು ಬಿದ್ದ ಸಂದರ್ಭವಿದು.

ಇದೇ ವೆಲ್ಲೆಸ್ಲಿಯು 1807ರಿಂದ 1809ರ ವರೆಗೆ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿದ್ದನು. ಅವನ ಐರಿಷ್ ಆಡಳಿತ ಪತ್ರಗಳು ಪ್ರತ್ಯೇಕ ಸಂಪುಟವಾಗಿಯೇ ಪ್ರಕಟಗೊಂಡಿವೆ. ಕೊಡಗಿನ ವಿದ್ವಾಂಸರಿಗೆ ಐರ್ಲೆಂಡು ದೂರದ ವಿಷಯವೆನಿಸಬಹುದಾದರೂ ಒಂದು ಹೋಲಿಕೆಯು ಇಲ್ಲಿ ಪ್ರಯೋಜನಕಾರಿ. ಡಬ್ಲಿನ್ ಕೋಟೆಯಲ್ಲಿದ್ದ ಮುಖ್ಯ ಕಾರ್ಯದರ್ಶಿಯ ಕಚೇರಿಯ ನೋಂದಾಯಿತ ಪತ್ರಗಳ ಮಾಲೆಯು 1818ರಿಂದ ಆರಂಭವಾಗುತ್ತದೆ. ಹಳ್ಳಿಗಾಡಿನ ನ್ಯಾಯಾಧಿಕಾರಿಯ ವರದಿಯಾಗಲಿ, ಬಡವನ ಮನವಿಯಾಗಲಿ, ಪತ್ರಕ್ಕೆ ಒಂದು ಕ್ರಮಾಂಕ ಬೀಳುತ್ತಿತ್ತು. 1922ರಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿಯು ಬೆಂಕಿಗೆ ಆಹುತಿಯಾದಾಗ ಬೇರೆಡೆ ಇದ್ದ ಈ ಮಾಲೆಯು ಉಳಿದುಕೊಂಡಿತು. ಐರಿಷ್ ಗ್ರಾಮಜೀವನದ ಚರಿತ್ರೆಗೆ ಅದು ಇಂದು ಪ್ರಮುಖ ಆಕರ. ಅಲ್ಲಿ ಪತ್ರಕ್ಕೆ ಅಧಿಕಾರ ಬರುತ್ತಿದ್ದುದು ಕಚೇರಿಯಿಂದ ಮತ್ತು ಕ್ರಮಾಂಕದಿಂದ. ಕೊಡಗಿನ ನಿರೂಪಕ್ಕಾದರೋ ಅದು ಬರುತ್ತಿದ್ದುದು ಅರಸನ ಅಂಕಿತದಿಂದ. ಕಾರ್ಯದರ್ಶಿ ಬದಲಾದರೂ ಕಚೇರಿಯ ಕಾಗದ ನಿಲ್ಲುವುದಿಲ್ಲ. ಅಂಕಿತದ ಒಡೆಯನೇ ಇಲ್ಲವಾದರೆ ನಿರೂಪದ ಗತಿಯೇನೆಂಬ ಪ್ರಶ್ನೆ ಕೊಡಗಿಗೆ 1834ರಲ್ಲಿ ಎದುರಾಯಿತು.

ಅಂಕಿತವೆಂದರೆ ಕೊಡಗಿನಲ್ಲಿ ಕೇವಲ ಕಾಗದದ ತುದಿಯ ಗುರುತಾಗಿರಲಿಲ್ಲ. ಅರಸರ ಹೆಸರಿನ ಮೊದಲಕ್ಷರವು ಆಯುಧಗಳ ಮೇಲೆಯೂ ಕಾಣುತ್ತದೆ. 1820ರಲ್ಲಿ ಪೂರ್ಣಗೊಂಡ ಮಡಿಕೇರಿಯ ಓಂಕಾರೇಶ್ವರ ದೇವಾಲಯದ ಕಿಟಕಿಯ ಸರಳುಗಳಲ್ಲಿ ಲಿಂಗರಾಜೇಂದ್ರನ 'ಲಿಂ' ಅಕ್ಷರವನ್ನು ಇಂದಿಗೂ ಕಾಣಬಹುದು. ಓದು ಬಾರದ ರೈತನೂ ಗುರುತು ಹಿಡಿಯಬಲ್ಲ ಒಂದೇ ಅಕ್ಷರವದು.

ದೊಡ್ಡ ವೀರರಾಜೇಂದ್ರನು 1809ರಲ್ಲಿ ತೀರಿಕೊಂಡ ಬಳಿಕ ಬಾಲೆ ದೇವಮ್ಮಾಜಿಯ ಹೆಸರಿನಲ್ಲಿ ಆಡಳಿತ ನಡೆಯಿತು. 1811ರಲ್ಲಿ ಆಕೆಯ ಚಿಕ್ಕಪ್ಪ ಲಿಂಗರಾಜೇಂದ್ರನು ಅಧಿಕಾರವನ್ನು ತನ್ನದಾಗಿಸಿಕೊಂಡನು. ದೊಡ್ಡ ವೀರರಾಜೇಂದ್ರನು ವರ್ಷಗಟ್ಟಲೆ ಪತ್ರ ಬರೆದು ಮಗಳಿಗಾಗಿ ಪಡೆದಿದ್ದ ಭರವಸೆಯು ಅವನ ಮರಣಾನಂತರ ಎರಡು ವರ್ಷವೂ ನಿಲ್ಲಲಿಲ್ಲ. ಕಂಪನಿಯು ಈ ಬದಲಾವಣೆಯನ್ನು ಹೆಚ್ಚು ವಿಚಾರಿಸದೆ ಒಪ್ಪಿಕೊಂಡಿತು. ನಾಡಿನೊಳಗೆ ಅರಸನ ನಿರೂಪವು ಎಷ್ಟು ಗಟ್ಟಿಯಾಗಿತ್ತೋ ನಾಡಿನ ಹೊರಗೆ ಅವನ ಪತ್ರವು ಅಷ್ಟೇ ದುರ್ಬಲವಾಗಿತ್ತು.

ಲಿಂಗರಾಜೇಂದ್ರನ ಒಂಬತ್ತು ವರ್ಷಗಳ ಆಳ್ವಿಕೆಯನ್ನು ಕುರಿತು ಕಠೋರವಾದ ಮಾತುಗಳು ಬಹಳಷ್ಟಿವೆ. ಆಡಳಿತ ಬರಹದ ದೃಷ್ಟಿಯಿಂದ ಮಾತ್ರ ಅದು ಕೊಡಗಿನ ಚರಿತ್ರೆಯಲ್ಲೇ ಅತ್ಯಂತ ಸಮೃದ್ಧವಾದ ಕಾಲ. ಅಧಿಕಾರಿಗಳ ನಡಾವಳಿಗೆ ಕಟ್ಟಳೆ ವಿಧಿಸಿದ ಹುಕುಂನಾಮೆಯೂ, 1812ರಲ್ಲಿ ಆರಂಭವಾಗಿ ಜನರ ಬಾಯಲ್ಲಿ 'ಲಿಂಗರಾಜನ ಶಿಸ್ತು' ಎಂದೇ ಪ್ರಸಿದ್ಧವಾದ ಭೂಮಾಪನವೂ ಅವನವು. ಶಿಸ್ತಿನ ಲೆಕ್ಕದಲ್ಲಿ ಗದ್ದೆಯ ಹೆಸರು, ಎಲ್ಲೆಕಟ್ಟು, ಹಿಡುವಳಿದಾರ, ಕಂದಾಯ ಇವು ದಾಖಲಾಗಿವೆ. ಭೂಮಿಯನ್ನು ಅಳೆದುದು ಭಟ್ಟಿಯ ಲೆಕ್ಕದಲ್ಲಿ, ಅಂದರೆ ಬೆಳೆಯುವ ಭತ್ತದ ಪ್ರಮಾಣದಿಂದ. ನೂರು ಭಟ್ಟಿಯ ಸಾಗು ಭೂಮಿಗೆ ಹತ್ತು ರೂಪಾಯಿ ಕಂದಾಯವಾದರೆ ಅಷ್ಟೇ ಜಮ್ಮಾ ಭೂಮಿಗೆ ಐದು ರೂಪಾಯಿ. ಜಮ್ಮಾ ಹಿಡುವಳಿದಾರನು ಕರೆ ಬಂದಾಗ ಕತ್ತಿ ಕೋವಿಗಳೊಡನೆ ಅರಸನ ಸೇವೆಗೆ ಹೊರಡಬೇಕಾಗಿತ್ತು. ಉಳಿದ ಅರ್ಧಕ್ಕೆ ಅವನ ಸೇವೆಯೇ ಸಲ್ಲಿಕೆ. ಹೀಗಾಗಿ ಶಿಸ್ತಿನ ಪುಸ್ತಕದಲ್ಲಿ ಒಬ್ಬ ರೈತನ ಹೆಸರಿನ ಮುಂದೆ ಸಾಗು ಎಂದು ಬರೆದಿದೆಯೋ ಜಮ್ಮಾ ಎಂದು ಬರೆದಿದೆಯೋ ಎಂಬುದು ಆ ಮನೆತನದ ತಲೆತಲಾಂತರದ ಪ್ರಶ್ನೆಯಾಗಿತ್ತು. ಜಮ್ಮಾ ಹಕ್ಕು ಹೆಚ್ಚಾಗಿ ಕೊಡವ ಮನೆತನಗಳಲ್ಲಿ ನೆಲೆಸಿದ್ದುದನ್ನು ನೆನೆದರೆ, ಕನ್ನಡದ ಏಳುಸಾವಿರಸೀಮೆಯ ರೈತನಿಗೆ ಸರ್ಕಾರಿ ಬರಹದ ಒಂದು ಪದದ ತೂಕವೆಷ್ಟೆಂಬುದು ತಿಳಿಯದ ವಿಷಯವಾಗಿರಲಾರದು. ಶಾನಭೋಗನ ಲೇಖನಿಯ ಮೇಲೆ ಇಂಥ ಜನ ಕಣ್ಣಿಟ್ಟಿದ್ದರೆ ಆಶ್ಚರ್ಯವಿಲ್ಲ.

1820ರಲ್ಲಿ ಪಟ್ಟಕ್ಕೆ ಬಂದ ಚಿಕ್ಕವೀರರಾಜೇಂದ್ರನ ಕೊನೆಯ ಎರಡು ವರ್ಷಗಳ ಇತಿಹಾಸವು ಬಹುತೇಕ ಪತ್ರಗಳ ಇತಿಹಾಸವೇ ಆಗಿದೆ. 1832ರಲ್ಲಿ ಅವನ ಸೋದರಿ ದೇವಮ್ಮಾಜಿಯೂ ಆಕೆಯ ಗಂಡ ಚನ್ನಬಸಪ್ಪನೂ ಮೈಸೂರು ಸೀಮೆಗೆ ಓಡಿಹೋಗಿ ರೆಸಿಡೆಂಟ್ ಕ್ಯಾಸಮೇಜರನ ಆಶ್ರಯ ಪಡೆದರು. (ದೊಡ್ಡ ವೀರರಾಜೇಂದ್ರನ ಮಗಳ ಹೆಸರೂ ದೇವಮ್ಮಾಜಿಯೇ ಆದುದರಿಂದ ಇಬ್ಬರನ್ನೂ ಕಲಸಿಕೊಳ್ಳುವ ತಪ್ಪು ಕೆಲವು ಬರಹಗಳಲ್ಲಿ ನುಸುಳಿದೆ.) ಅವರನ್ನು ಒಪ್ಪಿಸಬೇಕೆಂದು ಅರಸನು ಪತ್ರದ ಮೇಲೆ ಪತ್ರ ಬರೆದನು, ಕಂಪನಿ ಒಪ್ಪಲಿಲ್ಲ. 1833ರಲ್ಲಿ ರೆಸಿಡೆಂಟ್ ಗ್ರೇಮನು ತಲಚೇರಿಯ ಪಾರ್ಸಿ ವರ್ತಕ ದಾರಾಶೇಟ್ ಮತ್ತು ಮಲಬಾರಿನ ಅಧಿಕಾರಿ ಕರುಣಾಕರ ಮೆನನ್ ಇವರನ್ನು ಮಾತುಕತೆಗಾಗಿ ಕಳುಹಿಸಿದನು. ದಾರಾಶೇಟ್ ಹಿಂದಿರುಗಿದನು, ಮೆನನನ್ನು ಅರಸನು ತಡೆದಿರಿಸಿಕೊಂಡು, ತನ್ನ ಬಂಧುಗಳನ್ನು ಒಪ್ಪಿಸಿದ ಹೊರತು ಬಿಡುವುದಿಲ್ಲವೆಂದನು. ಅಲ್ಲಿಂದ ಮುಂದೆ ಮದರಾಸಿನ ಗವರ್ನರ್ ಆಡಮ್ ಮತ್ತು ಗವರ್ನರ್ ಜನರಲ್ ಬೆಂಟಿಂಕ್ ಇವರಿಗೆ ಹೋದ ಪತ್ರಗಳ ಧಾಟಿಯು ಅವಮಾನಕರವಾಗಿತ್ತೆಂಬುದನ್ನು ಕಂಪನಿಯು ಯುದ್ಧಕ್ಕೊಂದು ಕಾರಣವಾಗಿ ಬಳಸಿಕೊಂಡಿತು. ಪತ್ರದ ಧಾಟಿಯೊಂದಕ್ಕಾಗಿಯೇ ರಾಜ್ಯ ಹೋಯಿತೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಸರಿಸಮನ ಭಾಷೆಯಲ್ಲಿ ಬರೆಯುವ ಹಕ್ಕು ತನಗುಂಟೆಂದು ಅರಸನು ತಿಳಿದಿದ್ದನು, ಅಧೀನನ ಭಾಷೆಯನ್ನು ಕಂಪನಿಯು ಬಯಸುತ್ತಿತ್ತು ಎಂಬುದು ಸ್ಪಷ್ಟ. 1790ರ ಒಪ್ಪಂದದ ದಿನಗಳಿಂದ 1834ರ ವೇಳೆಗೆ ಕಂಪನಿಯ ನಿಲುವು ಎಷ್ಟು ದೂರ ಸರಿದಿತ್ತೆಂಬುದನ್ನು ಅರಸನು ಅರಿಯದೆ ಹೋದನು.

1834ರ ಏಪ್ರಿಲ್ ಮೊದಲ ವಾರದಲ್ಲಿ ಕಂಪನಿಯ ಸೈನ್ಯವು ನಾಲ್ಕು ದಿಕ್ಕಿನಿಂದ ಕೊಡಗನ್ನು ಹೊಕ್ಕಿತು. ಕರ್ನಲ್ ವಾನ ಕೈಕೆಳಗಿನ ಉತ್ತರದ ದಳವು ಶನಿವಾರಸಂತೆಯ ಮಾರ್ಗವಾಗಿ ಸೋಮವಾರಪೇಟೆಯತ್ತ ನಡೆದು, ಬಕ್ಕದ ಕಾವಲೊಡ್ಡಿನಲ್ಲಿ ಕೊಡಗಿನ ಪಡೆಯಿಂದ ಬಲವಾದ ಪೆಟ್ಟು ತಿಂದಿತು. ಕರ್ನಲ್ ಮಿಲ್ ಅಲ್ಲಿ ಮಡಿದನು. ಪೂರ್ವದ ದಳಕ್ಕೆ ಅಂಥ ಅಡ್ಡಿ ಎದುರಾಗಲಿಲ್ಲ. ಏಪ್ರಿಲ್ 6ರಂದು ಮಡಿಕೇರಿಯ ಕೋಟೆಯಲ್ಲಿ ಕಂಪನಿಯ ಬಾವುಟವೇರಿತು. ಅದೇ ತಿಂಗಳಲ್ಲಿ ಅರಸನನ್ನು ಪರಿವಾರದೊಡನೆ ಕೊಡಗಿನಿಂದ ಹೊರಗೆ ಸಾಗಿಸಲಾಯಿತು.

1834ರ ಮೇ 7ರ ಘೋಷಣೆಯು ಕೊಡಗಿನ ಆಡಳಿತ ಪತ್ರಗಳಲ್ಲಿ ಒಂದು ವಿಲಕ್ಷಣವಾದ ದಾಖಲೆ. ಕರ್ನಲ್ ಫ್ರೇಸರನು ಹೊರಡಿಸಿದ ಈ ಪ್ರಕಟಣೆಯ ಪ್ರಕಾರ ಕೊಡಗಿನ ಜನರೆಲ್ಲರ ಏಕಾಭಿಪ್ರಾಯದ ಇಚ್ಛೆಯಂತೆ ರಾಜ್ಯವು ಕಂಪನಿಗೆ ಸೇರಿತು. ಜನರನ್ನು ಮತ್ತೆ ದೇಶೀ ಅರಸರ ಆಳ್ವಿಕೆಗೆ ಒಪ್ಪಿಸುವುದಿಲ್ಲ. ಅವರ ಹಕ್ಕುಗಳನ್ನೂ ಧರ್ಮಾಚಾರಗಳನ್ನೂ ಗೌರವಿಸಲಾಗುವುದು. ಏಕಾಭಿಪ್ರಾಯವೆಂಬ ಮಾತು ಏಳುಸಾವಿರಸೀಮೆಗೆ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆಂಬುದು ಸಂದೇಹಾಸ್ಪದ. ಹಾಲೇರಿ ಅರಸರು ವೀರಶೈವರು. ಈ ಸೀಮೆಯ ವೀರಶೈವ ಒಕ್ಕಲುಗಳಿಗೂ ಮಠಗಳಿಗೂ ಅರಮನೆಯೊಡನೆ ಇದ್ದ ಸಂಬಂಧವು ಬರಿಯ ಕಂದಾಯದ ಸಂಬಂಧವಾಗಿರಲಿಲ್ಲ. ಮುಂದಿನ ಮೂರು ವರ್ಷಗಳ ಘಟನೆಗಳು ಈ ಸಂದೇಹವನ್ನು ಬಲಪಡಿಸುತ್ತವೆ.

ಘೋಷಣೆಯ ಬಳಿಕ ಆಡಳಿತದ ಹೊರರೂಪ ಹೆಚ್ಚೇನೂ ಬದಲಾಗಲಿಲ್ಲ. ಮಡಿಕೇರಿಯಲ್ಲಿ ಲೆಹಾರ್ಡಿಯು ಸೂಪರಿಂಟೆಂಡೆಂಟನಾದನು. ಅವನ ಮೇಲೆ ಬೆಂಗಳೂರಿನಲ್ಲಿದ್ದ ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್, ಅವನ ಮೇಲೆ ಕಲ್ಕತ್ತೆಯ ಗವರ್ನರ್ ಜನರಲ್. ಕೆಳಗಿನ ಮೆಟ್ಟಿಲುಗಳಲ್ಲಿ ಅದೇ ಸುಬೇದಾರ, ಪಾರುಪತ್ಯಗಾರ, ಶಾನಭೋಗರು. ದಿವಾನರಾಗಿ ಅಪ್ಪಾರಂಡ ಬೋಪು, ಚೆಪ್ಪುಡಿರ ಪೊನ್ನಪ್ಪ ಮತ್ತು ಲಕ್ಷ್ಮೀನಾರಾಯಣಯ್ಯ ಇದ್ದರು. ಲೆಕ್ಕಪತ್ರದ ಭಾಷೆ ಕನ್ನಡವೇ. ಆದರೆ ಪಾರುಪತ್ಯಗಾರನ ಕನ್ನಡ ವರದಿಯು ಮಡಿಕೇರಿಗೆ ಬಂದ ಮೇಲೆ ಇಂಗ್ಲಿಷಿಗೆ ತಿರುಗಿ ಬೆಂಗಳೂರಿಗೆ ಹೋಗಬೇಕಾಗಿತ್ತು. ಅಲ್ಲಿಂದ ಬಂದ ಆಜ್ಞೆಯು ಮತ್ತೆ ಕನ್ನಡಕ್ಕೆ ತಿರುಗಿ ಚಾವಡಿಗೆ ಇಳಿಯಬೇಕಾಗಿತ್ತು. ಅರಸನ ಅಂಕಿತವಿದ್ದ ಜಾಗದಲ್ಲಿ ಈಗ ಸರ್ಕಾರವೆಂಬ ಹೆಸರು. ಸರ್ಕಾರವು ಯಾರ ಮಗ, ಯಾವ ಮನೆತನ ಎಂಬ ಪ್ರಶ್ನೆಗೆ ಚಾವಡಿಯಲ್ಲಿ ಉತ್ತರವಿರಲಿಲ್ಲ. ಅರಸನು ಬದುಕಿದ್ದನು, ಸೆರೆಯಲ್ಲಿದ್ದನು. ಅವನ ವಂಶದ ಇನ್ನಾರಾದರೂ ಉಳಿದಿರಬಹುದೆಂಬ ನಂಬಿಕೆಗೆ ನೆಲ ಹದವಾಗಿತ್ತು.

ಈ ತೆರವಿನಲ್ಲಿ ಮೊದಲು ಕಾಣಿಸಿಕೊಂಡವನು ಹಾಲೇರಿ ವಂಶದವನೆಂದು ಹೇಳಿಕೊಂಡ ಅಪರಂಪಾರ ಸ್ವಾಮಿ. 1834ರಲ್ಲೇ ಅವನನ್ನು ಸೆರೆಹಿಡಿದು ಬೆಂಗಳೂರಿಗೆ ಸಾಗಿಸಲಾಯಿತು. ಆಮೇಲೆ ಕಲ್ಯಾಣಸ್ವಾಮಿ, 1837ರಲ್ಲಿ ಅವನೂ ಸೆರೆಯಾಗಿ ಮೈಸೂರಿಗೆ ಹೋದನು. ಮೂರನೆಯವನು ಪುಟ್ಟಬಸಪ್ಪ. ಈತನು ಶನಿವಾರಸಂತೆಯ ಕಡೆಯ ರೈತನೆಂದು ಬಂಡಾಯದ ಚರಿತ್ರೆಯ ಬರಹಗಳು ಗುರುತಿಸುತ್ತವೆ. ಸೆರೆಯಲ್ಲಿದ್ದ ಕಲ್ಯಾಣಸ್ವಾಮಿಯ ಹೆಸರನ್ನು ಈತನು ಹೊತ್ತುಕೊಂಡನು. ಏಳುಸಾವಿರಸೀಮೆಯ ಒಬ್ಬ ಬೇಸಾಯಗಾರನು ಅರಸನಾಗಿ ಕಾಣಿಸಿಕೊಳ್ಳಲು ಬೇಕಾದುದು ಅರಮನೆಯಲ್ಲ, ಸಿಂಹಾಸನವೂ ಅಲ್ಲ; ಅರಸನ ಹೆಸರಿನಲ್ಲಿ ಬರೆದ ನಿರೂಪಗಳು.

ಬಂಡಾಯ ಹೊತ್ತಿಕೊಂಡುದು ಅಮರಸುಳ್ಯದಲ್ಲಿ. ಅರಸರ ಕಾಲದಲ್ಲಿ ಕೊಡಗಿಗೆ ಸೇರಿದ್ದ ಈ ಮಾಗಣೆಗಳನ್ನು 1834ರ ಬಳಿಕ ಮಂಗಳೂರಿನ ಕೆನರಾ ಜಿಲ್ಲೆಗೆ ಸೇರಿಸಲಾಗಿತ್ತು. ಅರಸರ ಕಾಲದಲ್ಲಿ ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಈಗ ನಾಣ್ಯದ ರೂಪದಲ್ಲಿ ಕಟ್ಟಬೇಕೆಂದಾಯಿತು. ಸುಗ್ಗಿಯ ಹೊತ್ತಿನಲ್ಲಿ ಎಲ್ಲರೂ ಭತ್ತವನ್ನು ಮಾರಲೇಬೇಕಾದಾಗ ಬೆಲೆ ಇಳಿಯುವುದೂ, ಸಾಹುಕಾರನ ಕೈ ಮೇಲಾಗುವುದೂ ಸಹಜ. ಹೊಗೆಸೊಪ್ಪು ಮತ್ತು ಉಪ್ಪಿನ ಮೇಲಿನ ಸರ್ಕಾರದ ಹಿಡಿತವು ಇನ್ನೊಂದು ಹೊರೆ. ಬಂಡಾಯಗಾರರ ನಿರೂಪಗಳು ಇದನ್ನೇ ಮುಟ್ಟಿದವು: ಮೂರು ವರ್ಷಗಳ ಕಂದಾಯದ ಮಾಫಿ, ಹೊಗೆಸೊಪ್ಪು ಮತ್ತು ಉಪ್ಪಿನ ಸುಂಕದ ರದ್ದು. ಗೌಡರು, ಬಂಟರು, ಶೆಟ್ಟರು, ಊರ ಮುಖಂಡರು ಇವರಿಗೆ ಈ ಸುದ್ದಿ ಮುಟ್ಟಿತು. ಬೆಳ್ಳಾರೆಯ ಸರ್ಕಾರಿ ಖಜಾನೆಯು ಬಂಡಾಯಗಾರರ ವಶವಾಯಿತು. 1837ರ ಏಪ್ರಿಲ್ 5ರಂದು ಅವರು ಮಂಗಳೂರನ್ನು ಹೊಕ್ಕು ಇಂದು ಬಾವುಟಗುಡ್ಡವೆನ್ನುವ ಸ್ಥಳದಲ್ಲಿ ತಮ್ಮ ಬಾವುಟ ಹಾರಿಸಿದರು.

ಕಂಪನಿಯ ಬರಹಗಳಲ್ಲೂ, ಅವುಗಳನ್ನು ಅನುಸರಿಸಿದ ಮೋಗ್ಲಿಂಗನ 1855ರ ಗ್ರಂಥದಲ್ಲೂ, ರಿಕ್ಟರನ 1870ರ ಕೈಪಿಡಿಯಲ್ಲೂ ಇದು ವೇಷಧಾರಿಯೊಬ್ಬನ ಮೋಸ, ಮುಗ್ಧ ರೈತರ ಮರುಳು ಎಂಬ ದೃಷ್ಟಿ ಪ್ರಧಾನವಾಗಿದೆ. ಈ ದೃಷ್ಟಿಯನ್ನು ಇಡಿಯಾಗಿ ಒಪ್ಪುವುದು ಕಷ್ಟ. ಹೆಸರು ಸುಳ್ಳಾಗಿತ್ತು, ನಿಜ. ಆದರೆ ನಿರೂಪದ ಒಕ್ಕಣೆಯಲ್ಲಿದ್ದ ಕಂದಾಯ, ಉಪ್ಪು, ಹೊಗೆಸೊಪ್ಪಿನ ದೂರು ಸುಳ್ಳಾಗಿರಲಿಲ್ಲ. ಕೆಳಗಿನಿಂದ ಏರಬೇಕಾಗಿದ್ದ ಬಿನ್ನವತ್ತಳೆಗೆ ದಾರಿ ಮುಚ್ಚಿದಾಗ ಅದೇ ದೂರು ಮೇಲಿನಿಂದ ಇಳಿಯುವ ನಿರೂಪದ ವೇಷ ತೊಟ್ಟು ಬಂದಿತೆಂದು ನೋಡುವುದು ಹೆಚ್ಚು ಸಮಂಜಸ. ಇನ್ನೊಂದು ಸಂಗತಿಯೂ ಉಂಟು. ಅರಮನೆಯ ಒಕ್ಕಣೆಯ ಕ್ರಮವನ್ನು ಬಲ್ಲವನು ಮಾತ್ರ ಅಂಥ ನಿರೂಪವನ್ನು ಬರೆಯಬಲ್ಲನು. ಆ ಕ್ರಮವನ್ನು ಬಲ್ಲವರು ಚಾವಡಿಗಳಲ್ಲಿ ಲೆಕ್ಕ ಬರೆದು ಪಳಗಿದ ಜನ. ಬಂಡಾಯದ ಬರಹದ ಹಿಂದೆ ಅಂಥ ಕೈಗಳು ಇದ್ದಿರಬೇಕೆಂದು ಊಹಿಸುವುದು ಅಸಂಗತವಲ್ಲ. ಕಂಪನಿಯ ಸಂಶಯವೂ ಈ ದಿಕ್ಕಿನಲ್ಲೇ ಹರಿಯಿತು: ಸರ್ಕಾರದ ಕಾಗದಗಳೆಲ್ಲ ಯಾರ ಕೈಮೇಲೆ ಹಾದುಹೋಗುತ್ತಿದ್ದವೋ ಆ ದಿವಾನ ಲಕ್ಷ್ಮೀನಾರಾಯಣಯ್ಯನೇ ಬಂಡಾಯಗಾರರೊಡನೆ ಸಂಬಂಧವಿರಿಸಿಕೊಂಡಿದ್ದನೆಂಬ ಆರೋಪದ ಮೇಲೆ ಸೆರೆಯಾದನು. ಅರಸರ ಕಾಲದ ಸುಬೇದಾರ ಗುಡ್ಡೆಮನೆ ಅಪ್ಪಯ್ಯಗೌಡನು ಬಂಡಾಯದ ಮುಂದಾಳುಗಳಲ್ಲೊಬ್ಬನಾದುದೂ ಆಕಸ್ಮಿಕವಲ್ಲ. ನಿರೂಪವನ್ನು ಪಡೆದು ಜಾರಿಗೆ ತರುವುದೇ ಅವನ ಉದ್ಯೋಗವಾಗಿತ್ತು.

ಇನ್ನೊಂದು ಪಕ್ಷವೂ ಅದೇ ಕನ್ನಡ ಕಾಗದವನ್ನೇ ಬಳಸಿತು. ಲೆಹಾರ್ಡಿಯು ಕೊಡವ ದಿವಾನರ ನೆರವಿನಿಂದ ನಾಡುಗಳನ್ನು ಸಂಚರಿಸಿ, ಬಂದಿರುವ ನಿರೂಪಗಳು ಖೋಟಾ ಎಂದು ಜನರಿಗೆ ಮನದಟ್ಟು ಮಾಡಿಸಬೇಕಾಯಿತು. ಸರ್ಕಾರವು ತನ್ನ ಆಜ್ಞೆಯನ್ನು ಜಾರಿಗೊಳಿಸುವುದಕ್ಕೆ ಮೊದಲು, ಇನ್ನೊಬ್ಬರ ಆಜ್ಞೆಯು ಆಜ್ಞೆಯಲ್ಲವೆಂದು ಸಾಧಿಸಬೇಕಾದ ಪರಿಸ್ಥಿತಿ ಅದು. ಬೋಪು ಮತ್ತು ಪೊನ್ನಪ್ಪರ ಪ್ರಭಾವದಿಂದ ಕೊಡವ ನಾಡುಗಳ ಬಹುಭಾಗವು ಕಂಪನಿಯ ಪಕ್ಷದಲ್ಲಿ ನಿಂತಿತು. ತಲಚೇರಿ, ಕಣ್ಣೂರುಗಳಿಂದ ಸೈನ್ಯ ಬಂದ ಮೇಲೆ ಮಂಗಳೂರಿನ ಬಂಡಾಯವು ಬೇಗನೆ ಮುರಿಯಿತು. ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಅಪ್ಪಯ್ಯಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ ನೇಣಿಗೆ ಹಾಕಲಾಯಿತು.

ತನಗೆ ನಿಷ್ಠರಾಗಿ ನಿಂತವರಿಗೆ ಕಂಪನಿಯು ಚಿನ್ನದ ಹಾಗೂ ಬೆಳ್ಳಿಯ ಪದಕಗಳನ್ನು ಮಾಡಿಸಿ ಹಂಚಿತು. ಒಡಿಕತ್ತಿ ಹಿಡಿದ ಕೊಡವ ಯೋಧನ ಚಿತ್ರವಿರುವ ಆ ಪದಕದ ಒಂದು ಬದಿಯಲ್ಲಿ ಇಂಗ್ಲಿಷ್ ಬರಹ, ಇನ್ನೊಂದು ಬದಿಯಲ್ಲಿ ಕನ್ನಡ. ಲೋಹದ ಮೇಲಿನ ಈ ಕನ್ನಡವನ್ನೂ ಆಡಳಿತ ಬರಹದ ಸಾಲಿನಲ್ಲೇ ಸೇರಿಸಿ ಓದಬೇಕಾಗುತ್ತದೆ. ಅರಸನ ಮೊದಲಕ್ಷರವಿರಬೇಕಾದ ಕಡೆ ಇಲ್ಲಿ ಕಂಪನಿ ಸರ್ಕಾರದ ಹೆಸರಿದೆ.

ಏಳುಸಾವಿರಸೀಮೆಯಲ್ಲಿ ಅರಸನ ಹೆಸರಿನ ನಿರೂಪ ಆಮೇಲೆ ಇಳಿಯಲಿಲ್ಲ. ಆದರೆ ಗದ್ದೆಯ ಎಲ್ಲೆಗಾಗಿ, ಬಾಣೆಯ ಹಕ್ಕಿಗಾಗಿ ಎರಡು ಮನೆಗಳು ಕಾದಾಡಿ ಚಾವಡಿಗೆ ಬಂದಾಗ ಕಂಪನಿಯ ಅಧಿಕಾರಿಗಳು ತರಿಸಿ ನೋಡುತ್ತಿದ್ದುದು ಲಿಂಗರಾಜನ ಶಿಸ್ತಿನ ಪುಸ್ತಕಗಳನ್ನೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಸ ಸರ್ವೆಯ ಲೆಕ್ಕ ಸಿದ್ಧವಾಗುವ ತನಕ ಇದು ಹೀಗೆಯೇ ನಡೆಯಿತು.